ಮನೆಗೆ ಹೇಳದ ಹನ್ನೊಂದು ತಿಂಗಳು

(ಅವನ ಒಪ್ಪಿಗೆ ಪಡೆದು ಬರೆದಿದ್ದೇನೆ. ಹೆಸರು ಮತ್ತು ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.)

ಕಿರಣನಿಗೆ 26 ವರ್ಷ. ಊರಲ್ಲಿ ಅಪ್ಪನಿಗೆ ಎರಡು ಎಕರೆ ಅಡಿಕೆ ತೋಟ. ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿನ ಒಂದು ಸಣ್ಣ ಕಂಪನಿಯಲ್ಲಿ ಎರಡು ವರ್ಷ ಸಪೋರ್ಟ್ ಇಂಜಿನಿಯರ್ ಆಗಿದ್ದ. 2023ರ ಸೆಪ್ಟೆಂಬರ್‌ನಲ್ಲಿ ಪ್ರಾಜೆಕ್ಟ್ ನಿಂತಿತು, ಕೆಲಸವೂ ಹೋಯಿತು. ವೃತ್ತಿ ಸಲಹೆಗಾರ್ತಿಯಾದ ನನ್ನ ಹತ್ತಿರ ಬಂದದ್ದು 2024ರ ಆಗಸ್ಟ್‌ನಲ್ಲಿ, ಒಂದು ಗುರುವಾರ.

ಕೂತ ಕೂಡಲೇ ಕೇಳಿದ: "ಮೇಡಂ, ಫೇಕ್ ಎಕ್ಸ್‌ಪೀರಿಯನ್ಸ್ ಹಾಕಿದ್ರೆ ಸಿಕ್ಕಿಬೀಳ್ತೀನಾ?"

ಒಬ್ಬ ಕನ್ಸಲ್ಟೆನ್ಸಿಯವನು 80 ಸಾವಿರ ಕೇಳಿದ್ದ. ನಾಲ್ಕು ವರ್ಷ ಜಾವಾ ಡೆವಲಪರ್ ಆಗಿದ್ದ ಹಾಗೆ ಆಫರ್ ಲೆಟರ್, ಪೇಸ್ಲಿಪ್, ರಿಲೀವಿಂಗ್ ಲೆಟರ್ ಎಲ್ಲ ಮಾಡಿಕೊಡುತ್ತೇನೆ ಅಂದಿದ್ದ. ಶನಿವಾರ 20 ಸಾವಿರ ಅಡ್ವಾನ್ಸ್ ಕೊಡಬೇಕಿತ್ತು.

ಸಿಕ್ಕಿಬೀಳುತ್ತೀರಿ ಅಂದೆ. ಅವನ ಫೋನಿನಲ್ಲೇ ಪಿಎಫ್ ಖಾತೆ ತೆರೆಸಿದೆ. ಸರ್ವಿಸ್ ಹಿಸ್ಟರಿಯಲ್ಲಿ ಒಂದೇ ಸಾಲು ಇತ್ತು: ಕಂಪನಿಯ ಹೆಸರು, ಸೇರಿದ ತಾರೀಖು, ಬಿಟ್ಟ ತಾರೀಖು. ಯುಎಎನ್ ಅನ್ನುವ 12 ಅಂಕಿಯ ಪಿಎಫ್ ನಂಬರ್ ಒಬ್ಬರಿಗೆ ಒಂದೇ, ಕಂಪನಿ ಬದಲಾದರೂ ಅದು ಬದಲಾಗುವುದಿಲ್ಲ. ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ಮಾಡುವವರು ಇದನ್ನು ನೋಡುತ್ತಾರೆ. ಫಾರ್ಮ್ 16 (ಸಂಬಳದ ಮೇಲೆ ತೆರಿಗೆ ಹಿಡಿದದ್ದಕ್ಕೆ ಕಂಪನಿ ಕೊಡುವ ಪತ್ರ), ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳುವವರೂ ಇದ್ದಾರೆ. ಸೇರಿ ಆರು ತಿಂಗಳಾದ ಮೇಲೆ ಗೊತ್ತಾದರೂ ಕೆಲಸ ಹೋಗಬಹುದು. ಸುಳ್ಳು ದಾಖಲೆ ಕೊಡುವುದು ಅಪರಾಧ, ಅದನ್ನು ಕೊಟ್ಟವರು ನೀವೇ ಆಗಿರುತ್ತೀರಿ ಎಂದೂ ಹೇಳಿದೆ.

ಅವನು ಆ ಸಾಲನ್ನೇ ನೋಡುತ್ತಾ ಕೂತ. ಇಷ್ಟು ಅವಸರ ಯಾಕೆ, ಶನಿವಾರವೇ ಯಾಕೆ ಅಂತ ಕೇಳಿದೆ. ಆಗ ಬಾಯಿಬಿಟ್ಟ. ಕೆಲಸ ಹೋಗಿರುವುದು ಮನೆಯವರಿಗೆ ಗೊತ್ತೇ ಇಲ್ಲ. ಪ್ರತಿ ತಿಂಗಳೂ ಎಂಟು ಸಾವಿರ ಕಳಿಸುತ್ತಿದ್ದಾನೆ. ಮೊದಲು ಉಳಿಸಿಟ್ಟದ್ದು, ಆಮೇಲೆ ಕ್ರೆಡಿಟ್ ಕಾರ್ಡ್ ಉಜ್ಜಿದ್ದು, ಮಾರ್ಚ್‌ನಿಂದ ಲೋನ್ ಆ್ಯಪ್‌ನ ದುಡ್ಡು. ದೀಪಾವಳಿಗೂ ಊರಿಗೆ ಹೋಗಿಲ್ಲ, ಯುಗಾದಿಗೂ ಹೋಗಿಲ್ಲ. ರಜ ಸಿಗಲಿಲ್ಲ ಅಂತ ಹೇಳಿದ್ದನಂತೆ.

ರಾತ್ರಿ ಮೂರರವರೆಗೆ ನಿದ್ದೆ ಬರುವುದಿಲ್ಲ ಅಂದ. ಸಾಯುವ ಯೋಚನೆ ಬಂದಿದೆಯಾ ಅಂತ ನೇರವಾಗಿ ಕೇಳಿದೆ. ಇಲ್ಲ ಅಂದ. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಫೋನಿನಲ್ಲಿ ಸೇವ್ ಮಾಡಿಸಿದೆ. ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಇಂಥ ಪ್ರಶ್ನೆ ಕೇಳಲು ಸಲಹೆಗಾರರು ಹಿಂಜರಿಯಬಾರದು.

ನನಗೆ ಕಂಡಂತೆ, ಅಪ್ಪನಿಗೆ ಹೇಳಿದ ಸುಳ್ಳನ್ನು ಉಳಿಸಿಕೊಳ್ಳಲು ಅವನಿಗೆ 80 ಸಾವಿರದ ಇನ್ನೊಂದು ಸುಳ್ಳು ಬೇಕಾಗಿತ್ತು. ಹಾಗಾಗಿ ರೆಸ್ಯೂಮೆಗೆ ಆಗಲೇ ಕೈ ಹಾಕಲಿಲ್ಲ. ಶನಿವಾರ ಅಡ್ವಾನ್ಸ್ ಕೊಡಬೇಡಿ, ಭಾನುವಾರ ಮನೆಗೆ ಫೋನ್ ಮಾಡಿ ಅಂದೆ. ಹೇಳಬೇಕಾದ್ದನ್ನು ಇಬ್ಬರೂ ಕೂತು ಬರೆದೆವು. "ಅಪ್ಪಾಜಿ, ಕೆಲಸ ಹೋಗಿ ಹನ್ನೊಂದು ತಿಂಗಳಾಯ್ತು. ಹೇಳೋಕೆ ಧೈರ್ಯ ಬರಲಿಲ್ಲ. ಸದ್ಯಕ್ಕೆ ದುಡ್ಡು ಕಳ್ಸೋಕಾಗಲ್ಲ." ಇಷ್ಟೇ ಸಾಕು, ಕಂಪನಿ ಹಾಗೆ ಮಾಡಿತು, ಮಾರ್ಕೆಟ್ ಹೀಗಿದೆ ಅನ್ನುವ ವಿವರಣೆ ಬೇಡ ಅಂತ ಹೇಳಿ ಕಳಿಸಿದೆ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಪೀಜಿ ಬಾಡಿಗೆ ಎಷ್ಟು?" ಅಂತ ಕೇಳಿದರಂತೆ.

ಎರಡನೇ ಸಲ ಬಂದಾಗ ಮುಖ ಹಗುರಾಗಿತ್ತು. ಆದರೆ "ನಾನೊಬ್ಬನೇ ಹಿಂದೆ ಬಿದ್ದೆ" ಅನ್ನುವ ಮಾತು ಮಾತ್ರ ಬಿಟ್ಟಿರಲಿಲ್ಲ. 2023-24ರ ಒಂದೇ ವರ್ಷದಲ್ಲಿ ಟಿಸಿಎಸ್, ಇನ್ಫೊಸಿಸ್, ವಿಪ್ರೊ ಮೂರರಲ್ಲೂ ಸೇರಿ ಸುಮಾರು 64 ಸಾವಿರ ಉದ್ಯೋಗಿಗಳು ಕಡಿಮೆಯಾಗಿದ್ದರು. ಅಂಥ ಹೊತ್ತಿನಲ್ಲಿ ಎರಡು ವರ್ಷ ಅನುಭವದವರಿಗೆ ಕೆಲಸ ಸಿಗದಿದ್ದರೆ ತಪ್ಪೆಲ್ಲ ಅವರದೇ ಆಗುತ್ತಾ? ಇದನ್ನು ಅವನಿಗೆ ಎರಡು ಮೂರು ಸಲ ಹೇಳಬೇಕಾಯಿತು.

ಆಮೇಲೆ ರೆಸ್ಯೂಮೆ ಮೇಜಿನ ಮೇಲಿಟ್ಟೆವು. ಎರಡು ವರ್ಷದ ಕೆಲಸಕ್ಕೆ ಇದ್ದದ್ದು ಒಂದೇ ಸಾಲು, ಪ್ರೊಡಕ್ಷನ್ ಸಪೋರ್ಟ್ ಮತ್ತು ಟಿಕೆಟ್ ನಿರ್ವಹಣೆ ಅಂತ. ಉಳಿದ ಒಂದೂವರೆ ಪುಟ ತುಂಬ ಅರ್ಧಕ್ಕೇ ಬಿಟ್ಟ ಕೋರ್ಸ್‌ಗಳು: ಡೇಟಾ ಸೈನ್ಸ್, ಕ್ಲೌಡ್, ರಿಯಾಕ್ಟ್. "ಬರೀ ಸಪೋರ್ಟ್ ಮೇಡಂ, ಕೋಡಿಂಗ್ ಏನಿಲ್ಲ" ಅಂದ. ನೈಟ್ ಶಿಫ್ಟ್‌ನಲ್ಲಿ ಎರಡು ಗಂಟೆಗೆ ಏನಾದರೂ ಕೆಟ್ಟರೆ ಏನು ಮಾಡುತ್ತಿದ್ದಿರಿ, ಒಂದು ರಾತ್ರಿಯದ್ದು ಹೇಳಿ ಅಂದೆ. ಪೇಮೆಂಟ್ ಫೈಲ್‌ಗಳು ಆಗಾಗ ನಡುವೆ ನಿಂತುಬಿಡುತ್ತಿದ್ದವಂತೆ. ಲಾಗ್ ಹುಡುಕಿ, ಎಸ್‌ಕ್ಯುಎಲ್‌ನಲ್ಲಿ ತಾಳೆ ನೋಡಿ, ಯಾವ ದಾಖಲೆ ಸಿಕ್ಕಿಕೊಂಡಿದೆ ಅಂತ ಪತ್ತೆ ಮಾಡಲು 40 ನಿಮಿಷ ಹಿಡಿಯುತ್ತಿತ್ತು. ಬೇಜಾರಾಗಿ ತಾನೇ ಒಂದು ಪೈಥಾನ್ ಸ್ಕ್ರಿಪ್ಟ್ ಬರೆದ. ಐದು ನಿಮಿಷಕ್ಕೆ ಇಳಿಯಿತು. ಹೇಳುತ್ತಾ ಹೇಳುತ್ತಾ ನನ್ನ ಕೈಲಿದ್ದ ಪೆನ್ನು ತಗೊಂಡು ಹಾಳೆಯ ಮೇಲೆ ಬಾಣದ ಗುರುತು ಹಾಕಿ ತೋರಿಸತೊಡಗಿದ.

ಇದನ್ನೇ ಮೊದಲ ಸಾಲಾಗಿ ಬರೆಯಿರಿ ಅಂದೆ. ಕೋರ್ಸ್‌ಗಳನ್ನು ತೆಗೆಸಿದೆ. ಲಿನಕ್ಸ್, ಎಸ್‌ಕ್ಯುಎಲ್, ಪೈಥಾನ್ ಈ ಮೂರನ್ನೇ ಗಟ್ಟಿ ಮಾಡಿಕೊಂಡರೆ ಸಪೋರ್ಟ್‌ನಿಂದ ಡೆವ್‌ಆಪ್ಸ್ (ಸಾಫ್ಟ್‌ವೇರ್ ಬಿಡುಗಡೆ, ಸರ್ವರ್ ನಿರ್ವಹಣೆ ತಾನಾಗಿ ನಡೆಯುವಂತೆ ಮಾಡುವ ಕೆಲಸ) ಕಡೆ ಹೋಗಬಹುದು, ಅವನಿಗೆ ಅದು ಹತ್ತಿರದ ದಾರಿ. ಆ ಸ್ಕ್ರಿಪ್ಟ್‌ನಂಥದ್ದನ್ನೇ ಮನೆಯಲ್ಲಿ ಹೊಸದಾಗಿ, ಬೇರೆ ಡೇಟಾ ಹಾಕಿ ಬರೆದು, ಕೋಡ್ ಇಟ್ಟು ನಾಲ್ಕು ಜನಕ್ಕೆ ತೋರಿಸುವ ಗಿಟ್‌ಹಬ್ ತಾಣದಲ್ಲಿಡಲು ಹೇಳಿದೆ. ಹಳೆ ಕಂಪನಿಯ ಕೋಡ್ ಮುಟ್ಟಬಾರದು.

ದಿನಕ್ಕೆ 30 ಕಡೆ ಅಪ್ಲೈ ಮಾಡುತ್ತಿದ್ದ. ಐದು ಸಾಕು, ಆದರೆ ಕೆಲಸದ ವಿವರ ಓದಿ ಮಾಡಿ ಅಂದೆ. ಜೊತೆಗೆ ಹಳೆಯ ಸಹೋದ್ಯೋಗಿಗಳ ಪಟ್ಟಿ ಮಾಡಿಸಿದೆ. 14 ಹೆಸರು ಬಂತು. ನಾಚಿಕೆಯಿಂದ ಒಬ್ಬರಿಗೂ ಮೆಸೇಜ್ ಮಾಡಿರಲಿಲ್ಲ! "ಕೆಲಸ ಕೊಡಿಸಿ" ಅನ್ನದೆ, ನಿಮ್ಮಲ್ಲಿ ಖಾಲಿ ಇರುವ ಇಂಥ ಹುದ್ದೆಗೆ ರೆಫರ್ ಮಾಡ್ತೀರಾ ಅಂತ ಕೇಳಲು ಹೇಳಿದೆ.

ಇಂಟರ್‌ವ್ಯೂನಲ್ಲಿ ಗ್ಯಾಪ್ ಬಗ್ಗೆ ಕೇಳಿದರೆ ಉತ್ತರ ಅರ್ಧ ನಿಮಿಷ ದಾಟಬಾರದು. ಪ್ರಾಜೆಕ್ಟ್ ನಿಂತಿತು, ಇಷ್ಟು ತಿಂಗಳಿಂದ ಹುಡುಕುತ್ತಿದ್ದೇನೆ, ಈ ನಡುವೆ ಇದನ್ನು ಬರೆದೆ. ಕನ್ನಡಿ ಮುಂದೆ ಹತ್ತು ಸಲ ಹೇಳಿಸಿದೆ, ಯಾಕೆಂದರೆ ಮೊದಮೊದಲು ಕ್ಷಮೆ ಕೇಳುವವನ ಹಾಗೆ ಹೇಳುತ್ತಿದ್ದ.

2025ರ ಜನವರಿಯಲ್ಲಿ ಹಳೆ ಟೀಮ್‌ನವರೊಬ್ಬರ ರೆಫರೆನ್ಸ್‌ನಿಂದ ಆಫರ್ ಬಂತು. ಸಂಬಳ ಹಿಂದಿನದಕ್ಕಿಂತ ಸ್ವಲ್ಪ ಕಡಿಮೆ. ಸೇರಿಕೊಳ್ಳಿ, ಆದರೆ ಸಹಿಗೆ ಮುಂಚೆ ನೋಟಿಸ್ ಪೀರಿಯಡ್ ಎಷ್ಟು, ಇಷ್ಟು ದಿನ ಬಿಡಬಾರದು ಅನ್ನುವ ಬಾಂಡ್ ಇದೆಯಾ, ರಾತ್ರಿ ಪಾಳಿಗೆ ಭತ್ಯೆ ಇದೆಯಾ ನೋಡಿ ಅಂದೆ. ವೆರಿಫಿಕೇಶನ್‌ನವರು ಯುಎಎನ್ ಕೇಳಿದರು. ಅದೇ ಸಂಜೆ ಕಳಿಸಿದ.

ಕಾರ್ಡ್‌ನ ಸಾಲ ಇನ್ನೂ ಪೂರ್ತಿ ತೀರಿಲ್ಲ. ತಿಂಗಳಿಗೊಮ್ಮೆ ಬಂದು ಲೆಕ್ಕ ತೋರಿಸಿ ಹೋಗುತ್ತಾನೆ.