ಅದಿರು ರೈಲು ಕಂಬ ದಾಟಿತು, ಯಾರ ಗಡಿಯಾರದಲ್ಲಿ?

ಪ್ರಶ್ನೆ: ಬಳ್ಳಾರಿಯಲ್ಲಿ ಬಿ.ಎಸ್‌ಸಿ. ಓದುತ್ತಿದ್ದೇನೆ. ನಮಗೆ ಕೊಟ್ಟ ಲೆಕ್ಕವಿದು: ನಿಂತಾಗ 600 ಮೀಟರ್ ಉದ್ದವಿರುವ ಅದಿರು ರೈಲು ಬೆಳಕಿನ ವೇಗದ 0.6 ಪಟ್ಟು ವೇಗದಲ್ಲಿ ತೋರಣಗಲ್ಲಿನ ಸಿಗ್ನಲ್ ಕಂಬವನ್ನು ದಾಟುತ್ತದೆ. ನಿಲ್ದಾಣದವರಿಗೆ ಎಷ್ಟು ಸಮಯ? ರೈಲಿನ ಲೆಕ್ಕದಲ್ಲಿ 3.33 ಮೈಕ್ರೋಸೆಕೆಂಡ್ ಬಂತು. ಚಲಿಸುವ ಗಡಿಯಾರ ನಿಧಾನವಲ್ಲವೇ? ಹಾಗಾಗಿ ಈ ವೇಗಕ್ಕೆ ಕಾಲ ಹಿಗ್ಗುವ ಪ್ರಮಾಣವಾದ 1.25ರಿಂದ ಗುಣಿಸಿ ನಿಲ್ದಾಣಕ್ಕೆ 4.17 ಎಂದು ಬರೆದೆ. ಸರಿಯುತ್ತರ 2.67 ಅಂತೆ! ಇನ್ನೊಂದು: 0.8 ಪಟ್ಟು ವೇಗದಲ್ಲಿ ಎದುರುಬದುರಾಗಿ ಬರುವ ಎರಡು ರೈಲುಗಳ ಸಾಪೇಕ್ಷ ವೇಗ 1.6 ಪಟ್ಟು ಎನ್ನಬಹುದೇ?

ಉತ್ತರ: ನಿಮ್ಮ ಗುಣಾಕಾರ ಸರಿಯಿದೆ, ಗುಣಿಸಿದ ಜಾಗ ಸರಿಯಿಲ್ಲ. 'ಚಲಿಸುವ ಗಡಿಯಾರ ನಿಧಾನ' ಎಂಬ ಸಾಲನ್ನು ಗೈಡುಗಳು ಉರು ಹೊಡೆಸುತ್ತವೆ. ಆ ಸಾಲು ಒಂದೇ ಒಂದು ಗಡಿಯಾರದ ಬಗ್ಗೆ ಎಂಬುದನ್ನು ಮಾತ್ರ ಹೇಳುವುದಿಲ್ಲ.

ಇಲ್ಲಿರುವುದು ಎರಡು ಘಟನೆಗಳು: ಎಂಜಿನ್ ಕಂಬಕ್ಕೆ ಬಂದದ್ದು, ಗಾರ್ಡ್ ಡಬ್ಬಿ ಕಂಬಕ್ಕೆ ಬಂದದ್ದು. ಎರಡೂ ನಡೆದದ್ದು ಕಂಬದ ಬುಡದಲ್ಲೇ. ಆದ್ದರಿಂದ ಕಂಬಕ್ಕೆ ಕಟ್ಟಿದ ಒಂದೇ ಗಡಿಯಾರ ಎರಡನ್ನೂ ಅಳೆಯುತ್ತದೆ. ಎಲ್ಲರ ಅಳತೆಗಿಂತ ಕಡಿಮೆ ಬರುವ 'ಸ್ವಂತ ಕಾಲ' ಅದರದ್ದೇ. ರೈಲಿನಲ್ಲಿ ಒಂದು ಘಟನೆ ಮುಂದಿನ ತುದಿಯಲ್ಲಿ, ಇನ್ನೊಂದು ಹಿಂದಿನ ತುದಿಯಲ್ಲಿ. ಅಲ್ಲಿ ಎರಡು ಗಡಿಯಾರ ಬೇಕು. ಹಾಗಾಗಿ ಉದ್ದ ರೈಲಿನ ಸ್ವಂತದ್ದು, ಕಾಲ ಕಂಬದ ಸ್ವಂತದ್ದು. ಎರಡನ್ನೂ ರೈಲಿಗೇ ಬರೆದುಕೊಟ್ಟದ್ದರಿಂದ ಲೆಕ್ಕ ಕೆಟ್ಟಿತು. ಚಲಿಸುವ ವಸ್ತುವಿನ ಉದ್ದ ಅದೇ 1.25ರಿಂದ ಭಾಗಿಸಿದಷ್ಟು ಕುಗ್ಗುವುದರಿಂದ ನಿಲ್ದಾಣಕ್ಕೆ ರೈಲು 480 ಮೀಟರಿಗೆ ಕುಗ್ಗಿ ಕಾಣುತ್ತದೆ; ಸೆಕೆಂಡಿಗೆ 18 ಕೋಟಿ ಮೀಟರ್ ವೇಗದಿಂದ ಭಾಗಿಸಿದರೆ 2.67 ಮೈಕ್ರೋಸೆಕೆಂಡ್.

ಹಾಗಾದರೆ ನಿಲ್ದಾಣದಿಂದ ನೋಡಿದಾಗ ರೈಲಿನ ಗಡಿಯಾರ ನಿಧಾನವೇ ಅಲ್ಲವೇ? ನಿಧಾನವೇ. 2.67 ಮೈಕ್ರೋಸೆಕೆಂಡಿನಲ್ಲಿ ಅದು 2.13 ಮಾತ್ರ ಓಡುತ್ತದೆ. ಆದರೆ ರೈಲಿನವರು ಹೊಂದಿಸಿಟ್ಟ ಎರಡು ಗಡಿಯಾರಗಳು ನಿಲ್ದಾಣದವರ ಕಣ್ಣಿಗೆ ಹೊಂದಿಕೊಂಡಿಲ್ಲ. ಗಾರ್ಡ್ ಡಬ್ಬಿಯದು ಎಂಜಿನ್ನಿನದಕ್ಕಿಂತ 1.2 ಮೈಕ್ರೋಸೆಕೆಂಡ್ ಮುಂದಿದೆ. ವೇಗವನ್ನು ಉದ್ದದಿಂದ ಗುಣಿಸಿ, ಬೆಳಕಿನ ವೇಗದ ವರ್ಗದಿಂದ ಭಾಗಿಸಿದರೆ ಈ ಅಂತರ ಸಿಗುತ್ತದೆ. 2.13 ಮತ್ತು 1.2 ಕೂಡಿಸಿ: ನಿಮ್ಮ 3.33 ಅಲ್ಲೇ ಇದೆ! ಐನ್‌ಸ್ಟೈನ್ 1905ರ ಪ್ರಬಂಧದಲ್ಲಿ ಏಕಕಾಲಿಕತೆಯನ್ನೇ, ಅಂದರೆ ಎರಡು ಘಟನೆ ಒಂದೇ ಹೊತ್ತಿಗೆ ನಡೆದವು ಎನ್ನುವುದರ ಅರ್ಥವನ್ನೇ, ಮೊದಲು ಎತ್ತಿಕೊಂಡದ್ದು ಸುಮ್ಮನೆ ಅಲ್ಲ. ಪಾಠದಲ್ಲಿ ನಾವು ಹಾರಿಸಿ ಹೋಗುವುದೂ ಅದನ್ನೇ.

ಎರಡನೆಯದಕ್ಕೆ ಹೆಚ್ಚು ಹೇಳಬೇಕಿಲ್ಲ. ನಿಲ್ದಾಣದವರ ಅಳತೆಯಲ್ಲಿ ನಡುವಿನ ಅಂತರ ಬೆಳಕಿನ 1.6 ಪಟ್ಟು ವೇಗದಲ್ಲೇ ಕುಗ್ಗುತ್ತದೆ. ಅದು ಯಾವ ವಸ್ತುವಿನ ವೇಗವೂ ಅಲ್ಲವಾದ್ದರಿಂದ ನಿಯಮವೇನೂ ಮುರಿಯುವುದಿಲ್ಲ. ಆದರೆ ಸಾಪೇಕ್ಷ ವೇಗ ಎಂದರೆ ಒಂದು ರೈಲಿನ ಚಾಲಕ ಇನ್ನೊಂದಕ್ಕೆ ಅಳೆಯುವ ವೇಗ. ಅದಕ್ಕೆ ವೇಗಗಳ ಮೊತ್ತವನ್ನು, 1ಕ್ಕೆ ಅವುಗಳ ಗುಣಲಬ್ಧ (0.8 × 0.8) ಕೂಡಿಸಿ ಬಂದದ್ದರಿಂದ ಭಾಗಿಸಬೇಕು: 1.6 ಭಾಗಿಸು 1.64, ಅಂದರೆ ಸುಮಾರು 0.976 ಪಟ್ಟು. ಗಂಟೆಗೆ 100 ಕಿ.ಮೀ. ವೇಗದಲ್ಲಿ ಎದುರಾಗುವ ನಿಜವಾದ ರೈಲುಗಳಿಗೂ ಇದೇ ಸೂತ್ರ, 200 ಕಿ.ಮೀ.ಗೆ ಆಗುವ ಕಡಿತ ಸೆಕೆಂಡಿಗೆ ಒಂದು ಮೀಟರಿನ ಲಕ್ಷ ಕೋಟಿಯ ಒಂದು ಪಾಲಿನಲ್ಲಿ ಅರ್ಧದಷ್ಟೂ ಇಲ್ಲ.

ಮುಂದಿನ ಲೆಕ್ಕ ಬಿಡಿಸುವಾಗ ಸೂತ್ರ ಬರೆಯುವ ಮುಂಚೆ ಘಟನೆಗಳನ್ನು ಬರೆದು, ಅವೆರಡೂ ಯಾರಿಗೆ ಒಂದೇ ಜಾಗದಲ್ಲಿ ನಡೆದವು ಎಂದು ಗುರುತು ಹಾಕಿ. ಯಾರಿಗೂ ಇಲ್ಲದಿದ್ದರೆ 1.25ರಂಥ ಗುಣಕವನ್ನು ಮುಟ್ಟದೆ ನೇರವಾಗಿ ಲೊರೆಂಟ್ಸ್ ರೂಪಾಂತರಕ್ಕೆ, ಅಂದರೆ ಒಬ್ಬರ ಜಾಗ-ಕಾಲದ ಅಳತೆಯನ್ನು ಇನ್ನೊಬ್ಬರದಕ್ಕೆ ಬದಲಿಸುವ ಪೂರ್ಣ ಸೂತ್ರಗಳಿಗೆ ಹೋಗಿ.