ಬೈಕ್ ಇಂಜಿನ್ ಮೇಲಿನ ಆಯಿಲ್ ಜಿಡ್ಡು, ಪಾರ್ಕಿಂಗ್ ನೆಲದ ಕಲೆ: ಪೆಟ್ರೋಲೂ ಬೇಡ, ಆಸಿಡ್ಡೂ ಬೇಡ

ಹಳೇ 100 ಸಿಸಿ ಬೈಕು, ಇಂಜಿನ್ ತುಂಬಾ ಕರೀ ಜಿಡ್ಡು, ಬಾಡಿಗೆ ಮನೆ ಬೇಸ್‌ಮೆಂಟಲ್ಲಿ ಗಾಡಿ ನಿಲ್ಸೋ ಜಾಗದಲ್ಲಿ ಸಿಮೆಂಟ್ ನೆಲದ ಮೇಲೆ ಆಯಿಲ್ ಕಲೆ, ಮನೆ ಖಾಲಿ ಮಾಡುವಾಗ ಅಡ್ವಾನ್ಸಲ್ಲಿ ಹಿಡ್ಕೋತೀನಿ ಅಂತ ಓನರ್ ಹೇಳ್ತಿದಾರೆ, ಪೆಟ್ರೋಲ್ ಹಾಕಿ ಉಜ್ಲಾ ಇಲ್ಲ ಬಾತ್‌ರೂಮ್ ಆಸಿಡ್ ಹಾಕ್ಲಾ ಅಂತ ಕೇಳಿದ್ದೀರಿ. ದಯವಿಟ್ಟು ಎರಡೂ ಬೇಡ.

ಪೆಟ್ರೋಲ್ ಯಾಕೆ ಬೇಡ ಅಂದ್ರೆ ಅದರ ಆವಿ ಗಾಳಿಗಿಂತ ಭಾರ, ಮೇಲೆ ಹೋಗಲ್ಲ, ಬೇಸ್‌ಮೆಂಟಲ್ಲಿ ನೆಲಕ್ಕೆ ಅಂಟ್ಕೊಂಡು ಹರಡ್ತಾ ಇರುತ್ತೆ, ಆ ಕಡೆ ಯಾರೋ ಸಂಪ್ ಮೋಟರ್ ಸ್ವಿಚ್ ಹಾಕಿದ್ರೂ ಆ ಕಿಡಿ ಸಾಕು. ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗಿನ ಚಳಿಯಲ್ಲೂ ಹೊತ್ಕೊಳ್ಳೋಷ್ಟು ಆವಿ ಬಿಡುತ್ತೆ ಅದು. ಡೀಸೆಲ್, ಸೀಮೆಎಣ್ಣೆ ಹಾಗಲ್ಲ, 35 ಡಿಗ್ರಿ ದಾಟೋವರೆಗೂ ಅಷ್ಟು ಆವಿ ಬರಲ್ಲ. ಆಸಿಡ್ ವಿಷಯ ಇನ್ನೊಂದು ಥರ. ಆಸಿಡ್ ತಿನ್ನೋದು ಸಿಮೆಂಟನ್ನ, ಎಣ್ಣೆನಲ್ಲ. ಬುರುಬುರು ನೊರೆ ಬಂತಲ್ಲ ಕ್ಲೀನ್ ಆಗ್ತಿದೆ ಅನ್ಸುತ್ತೆ, ಆದ್ರೆ ಕರಗ್ತಿರೋದು ನೆಲ, ಕಲೆ ಅಲ್ಲೇ ಇರುತ್ತೆ, ಜೊತೆಗೆ ನೆಲ ತರಿತರಿ ಆಗುತ್ತೆ. ಇಂಜಿನ್ ಅಲ್ಯೂಮಿನಿಯಂಗೆ ತಾಗಿದ್ರಂತೂ ಬಿಳಿ ಬೂಷ್ಟು ಹಿಡಿದಂಗೆ ಮಚ್ಚೆ ಬೀಳುತ್ತೆ, ಅದು ಪಾಲಿಶ್ ಮಾಡದೆ ಹೋಗಲ್ಲ.

ಮೊದಲು ಇಂಜಿನ್ ಕ್ಲೀನ್ ಮಾಡಿ, ಆಮೇಲೆ ಲೀಕ್ ಹುಡುಕಿ, ನೆಲ ಕೊನೆಗೆ. ಲೀಕ್ ಇರುವಾಗಲೇ ನೆಲ ಉಜ್ಜಿದ್ರೆ ವಾರದಲ್ಲಿ ಮತ್ತೆ ಅದೇ ಕಥೆ.

ಗಾಡಿನ ಬೇಸ್‌ಮೆಂಟಿಂದ ಹೊರಗೆ ಗಾಳಿ ಆಡೋ ಜಾಗಕ್ಕೆ ತನ್ನಿ. ಇಂಜಿನ್ನೂ ಸೈಲೆನ್ಸರ್ರೂ ಪೂರ್ತಿ ಆರಿರಬೇಕು, ಕಾದ ಸೈಲೆನ್ಸರ್ ಮೇಲೆ ಡೀಸೆಲ್ ಬಿದ್ರೆ ಅಪಾಯ. ಸೈಲೆನ್ಸರ್ ಬಾಯಿ, ಏರ್ ಫಿಲ್ಟರ್ ಗಾಳಿ ಎಳ್ಕೊಳ್ಳೋ ಕಡೆ, ಇಗ್ನಿಷನ್ ಕೀ ಜಾಗ ಇವಕ್ಕೆ ಪ್ಲಾಸ್ಟಿಕ್ ಕವರ್ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ. ಕೆಳಗೆ ಅಗಲದ ಟ್ರೇ ಇಡಿ, ಇಲ್ಲಾಂದ್ರೆ ದಪ್ಪ ರಟ್ಟಿನ ಮೇಲೆ ಮರದ ಹೊಟ್ಟು ಹರಡಿ. ಕೈಗೆ ಗ್ಲೌಸ್ ಬೇಕೇ ಬೇಕು, ಓಡಿದ ಇಂಜಿನ್ ಆಯಿಲ್ ಪದೇ ಪದೇ ಚರ್ಮಕ್ಕೆ ತಾಗೋದು ಒಳ್ಳೇದಲ್ಲ.

ಜಿಡ್ಡು ದಪ್ಪಗಿದ್ದ ಕಡೆ ಸ್ಕ್ರೂಡ್ರೈವರಲ್ಲಿ ಕೆರೀಬೇಡಿ, ಗೀಟು ಬೀಳುತ್ತೆ. ಬಿದಿರಿನ ಚಕ್ಕೆ ಒಂದನ್ನ ಉಳಿ ಥರ ಚೂಪು ಮಾಡಿ ಅದರಲ್ಲಿ ಎಬ್ಬಿಸಿ. ಮುಂದಿನ ಸ್ಪ್ರಾಕೆಟ್ (ಇಂಜಿನ್ ಪಕ್ಕ ಚೈನ್ ತಿರುಗಿಸೋ ಹಲ್ಲಿನ ಚಕ್ರ) ಕವರ್ ಬಿಚ್ಚಿದ್ರೆ ಒಳಗೆ ಚೈನ್ ಲ್ಯೂಬು, ಮಣ್ಣು, ಮರಳು ಎಲ್ಲಾ ಸೇರಿ ಟಾರಿನ ಥರ ಕಟ್ಟಿರುತ್ತೆ, ನೆಲಕ್ಕೆ ಬೀಳೋ ಕರೀ ಹನಿಯಲ್ಲಿ ಎಷ್ಟೋ ಸಲ ಅರ್ಧಕ್ಕರ್ಧ ಇದೇ ಇರುತ್ತೆ, ಜನ ಇಂಜಿನ್ ಲೀಕ್ ಅಂತ ಗಾಬರಿ ಆಗ್ತಾರೆ. ಆಮೇಲೆ ಸ್ವಲ್ಪ ಡೀಸೆಲ್ ತಗೊಂಡು (ಸೀಮೆಎಣ್ಣೆ ಈಗ ಸಿಗೋದೇ ಕಷ್ಟ) ಪೇಂಟ್ ಬ್ರಷಲ್ಲಿ ಹಚ್ಚಿ, ಹಚ್ಚಿದ ತಕ್ಷಣ ಉಜ್ಜಬೇಡಿ, ಹದಿನೈದು ನಿಮಿಷ ಬಿಡಿ. ನೆನೆದ್ರೆ ಜಿಡ್ಡು ತಾನಾಗೇ ಸಡಿಲ ಆಗುತ್ತೆ, ನೆನೆಯದೆ ಉಜ್ಜಿದ್ರೆ ನಿಮ್ಮ ಕೈ ನೋಯುತ್ತೆ ಅಷ್ಟೇ. ಇಂಜಿನ್ ಮೇಲ್ಭಾಗದ ಹೆಡ್ ಹತ್ರ ಸಾಲಾಗಿರೋ ತೆಳು ಪಟ್ಟಿಗಳ, ಅಂದ್ರೆ ಫಿನ್‌ಗಳ ಸಂದಿಗೆ ಹಳೇ ಟೂತ್‌ಬ್ರಷ್ ಹಾಕಿ. ಆ ಫಿನ್ ಇರೋದೇ ಗಾಳಿಗೆ ಇಂಜಿನ್ ತಂಪಾಗ್ಲಿ ಅಂತ, ಅದರ ಮೇಲೆ ಜಿಡ್ಡು ಮಣ್ಣು ಕಂಬಳಿ ಥರ ಹೊದ್ಕೊಂಡಿದ್ರೆ ಇಂಜಿನ್ ಸುಮ್ಸುಮ್ನೆ ಕಾಯುತ್ತೆ, ಹಾಗಾಗಿ ಅಂದಕ್ಕಿಂತ ಗಾಡಿ ಆಯುಸ್ಸಿಗೋಸ್ಕರ ಆದ್ರೂ ಇದನ್ನ ಮಾಡಿ. ಬ್ರೇಕ್ ಡ್ರಮ್, ಡಿಸ್ಕ್, ಟೈರು ಇವುಗಳ ಮೇಲೆ ಡೀಸೆಲ್ ಒಂದು ಹನಿನೂ ಬೀಳಬಾರದು, ಬ್ರೇಕ್ ಹಿಡಿಯಲ್ಲ.

ಡೀಸೆಲ್ ಹಾಕಿ ಹಂಗೇ ಬಿಟ್ರೆ ಅದರ ಪಸೆಗೇ ಧೂಳು ಮೆತ್ಕೊಳ್ಳುತ್ತೆ. ಬಟ್ಟೆಯಲ್ಲಿ ಒರೆಸಿ ವೆಹಿಕಲ್ ಶಾಂಪೂ ನೊರೆ ಹಚ್ಚಿ ಒಂದು ಮಗ್ ನೀರಲ್ಲಿ ತೊಳೀರಿ. ವಾಷಿಂಗ್ ಸೋಡಾ, ಕಾಸ್ಟಿಕ್ ಸೋಡಾ ಇಂಜಿನ್‌ಗೆ ಬೇಡ, ಅಲ್ಯೂಮಿನಿಯಂ ಕಪ್ಪಾಗುತ್ತೆ. ಪ್ರೆಶರ್ ವಾಟರ್ ಹೊಡೆಸೋದಾದ್ರೆ ಹತ್ತಿರದಿಂದ ಬೇರಿಂಗು, ವೈರ್ ಜೋಡಿಸೋ ಕಪ್ಲರಿಗೆ ಗುರಿ ಇಟ್ಟು ಹೊಡೆಯೋಕೆ ಬಿಡಬೇಡಿ. ಒರೆಸಿ ಒಣಗಿದ ಮೇಲೆ ಕವರ್ ಎಲ್ಲಾ ತೆಗೆದು ಐದು ನಿಮಿಷ ಸ್ಟಾರ್ಟ್ ಮಾಡಿ ಬಿಡಿ.

ಈಗ ಲೀಕ್. ಇಂಜಿನ್ ಪೂರ್ತಿ ಒಣಗಿ ಆರಿದ ಮೇಲೆ ಮುಖಕ್ಕೆ ಹಾಕೋ ಪೌಡರನ್ನ ತೆಳ್ಳಗೆ ಉದುರಿಸಿ, ಒಂದು ರೌಂಡ್ ಹೋಗಿ ಬನ್ನಿ. ಆಯಿಲ್ ಬರೋ ಜಾಗದಲ್ಲಿ ಬಿಳಿ ಪೌಡರ್ ಒದ್ದೆಯಾಗಿ ಕಪ್ಪು ಗೆರೆ ಎದ್ದು ಕಾಣುತ್ತೆ. ಗೆರೆಯ ಮೇಲ್ತುದಿ ನೋಡಿ, ಆಯಿಲ್ ಕೆಳಗೆ ಇಳಿಯುತ್ತೆ, ಗಾಡಿ ಓಡುವಾಗ ಗಾಳಿಗೆ ಹಿಂದಕ್ಕೂ ಹೋಗುತ್ತೆ, ಹಾಗಾಗಿ ತೊಟ್ಟಿಕ್ಕೋ ಜಾಗಾನೂ ಲೀಕಿನ ಜಾಗಾನೂ ಬೇರೆ ಬೇರೆ ಇರಬಹುದು. ಸಾಮಾನ್ಯವಾಗಿ ಗೇರ್ ಶಾಫ್ಟ್ ಆಯಿಲ್ ಸೀಲು, ಕ್ಲಚ್ ಕವರ್ ಪ್ಯಾಕಿಂಗು, ಟ್ಯಾಪೆಟ್ ಕ್ಯಾಪ್ (ಹೆಡ್ ಮೇಲಿನ ಮುಚ್ಚಳ) ರಿಂಗು, ಡ್ರೈನ್ ಬೋಲ್ಟ್ (ಹಳೇ ಆಯಿಲ್ ಇಳಿಸೋಕೆ ಇಂಜಿನ್ ಕೆಳಗೆ ಬಿಚ್ಚೋ ಬೋಲ್ಟ್) ವಾಷರ್ ಇವುಗಳಲ್ಲಿ ಒಂದು. ಎಲ್ಲಾ ಸಣ್ಣ ಖರ್ಚಿನವೇ. ಡ್ರೈನ್ ಬೋಲ್ಟಿಂದ ಬರ್ತಿದೆ ಅಂತ ಮಾತ್ರ ಜೋರಾಗಿ ತಿರುಗಿಸಬೇಡಿ, ಅಲ್ಯೂಮಿನಿಯಂ ಥ್ರೆಡ್ ಕಿತ್ತು ಬಂದ್ರೆ ಖರ್ಚು ಜಾಸ್ತಿ, ವಾಷರ್ ಬದಲಿಸಿ ಸಾಕು.

ನೆಲಕ್ಕೆ ಬನ್ನಿ. ಸಿಮೆಂಟ್ ನೆಲ ಗಟ್ಟಿ ಅನ್ಸಿದ್ರೂ ಅದರಲ್ಲಿ ಕಣ್ಣಿಗೆ ಕಾಣದ ಸಣ್ಣ ಸಣ್ಣ ರಂಧ್ರ ಇರ್ತವೆ, ಆಯಿಲ್ ಇಳಿದು ಕೂತಿರೋದು ಅಲ್ಲಿ. ನೀರು ಸುರಿದ್ರೆ ಇನ್ನೂ ಹರಡುತ್ತೆ. ಹಸಿ ಆಯಿಲ್ ಆದ್ರೆ ಮರದ ಹೊಟ್ಟೋ ಒಣ ಬೂದಿನೋ ಸುರಿದು ಮೆಟ್ಟಿ, ರಾತ್ರಿ ಬಿಟ್ಟು ಬೆಳಗ್ಗೆ ಗುಡಿಸಿ. ಆಮೇಲೆ ಬಟ್ಟೆ ಸೋಪಿನ ಪುಡಿ ಜೊತೆ ವಾಷಿಂಗ್ ಸೋಡಾ ಸೇರಿಸಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ, ಬಿಸಿನೀರಲ್ಲೇ ಕಲಸಿ, ಕಲೆ ಮೇಲೆ ಬಳಿದು ಅರ್ಧ ಗಂಟೆ ಬಿಟ್ಟು ಗಟ್ಟಿ ಪ್ಲಾಸ್ಟಿಕ್ ಬ್ರಷಲ್ಲಿ ಉಜ್ಜಿ. ಒಂದು ಸಲಕ್ಕೆ ಹೋಗಲ್ಲ, ಇನ್ನೊಂದು ಸಲ ಮಾಡಿ. ನೊರೆ ನೀರನ್ನ ಚರಂಡಿಗೆ ಬಿಡಬೇಡಿ, ಹೊಟ್ಟಲ್ಲಿ ಹೀರಿಸಿ ತೆಗೀರಿ. ಬೆಂಗಳೂರಲ್ಲಿ ರಸ್ತೆ ಚರಂಡಿ ನೀರು ರಾಜಕಾಲುವೆ ಸೇರಿ ಕೊನೆಗೆ ಯಾವುದೋ ಕೆರೆಗೇ ಹೋಗೋದು. ಇಂಜಿನ್ ಕ್ಲೀನ್ ಮಾಡುವಾಗ ಟ್ರೇಗೆ ಬಿದ್ದ ಡೀಸೆಲ್ ಮಡ್ಡಿಯನ್ನ ಕ್ಯಾನಲ್ಲಿ ತುಂಬಿ ಮೆಕ್ಯಾನಿಕ್ ಹತ್ರ ಕೊಡಿ, ಅವರು ಹಳೇ ಆಯಿಲ್ ಜೊತೆ ಹಾಕ್ತಾರೆ. ನೀರೂ ಹಿಡಿತದಲ್ಲಿ ಇರಲಿ, 2024ರ ಮಾರ್ಚಲ್ಲಿ ಬರ ಇದ್ದಾಗ ಕುಡಿಯೋ ನೀರಲ್ಲಿ ಗಾಡಿ ತೊಳೆದ್ರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿತ್ತು.

ವರ್ಷಗಟ್ಟಲೆ ಹಳೇ ಕಲೆಗೆ ಉಜ್ಜೋದು ಸಾಲಲ್ಲ, ಆಯಿಲನ್ನ ಮೇಲಕ್ಕೆ ಎಳೀಬೇಕು. ಪೇಂಟ್ ಅಂಗಡಿಯ ಟರ್ಪೆಂಟೈನಲ್ಲಿ ಚಾಕ್ ಪುಡಿನ ಗಟ್ಟಿಯಾಗಿ ಕಲಸಿ, ಕಲೆಗಿಂತ ಸ್ವಲ್ಪ ಅಗಲಕ್ಕೆ ಅರ್ಧ ಇಂಚು ದಪ್ಪ ಮೆತ್ತಿ, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ಅಂಚಿಗೆ ಟೇಪ್ ಹಾಕಿ ಒಂದು ದಿನ ಬಿಡಿ. ಆಮೇಲೆ ಹಾಳೆ ತೆಗೆದು ಒಣಗೋಕೆ ಬಿಡಿ, ಒಣಗ್ತಾ ಒಣಗ್ತಾ ಪುಡಿ ಆಯಿಲ್ ಹೀರ್ಕೊಂಡು ಕಂದು ಬಣ್ಣಕ್ಕೆ ತಿರುಗುತ್ತೆ, ಕೆರೆದು ತೆಗೀರಿ. ಟರ್ಪೆಂಟೈನೂ ಬೆಂಕಿಗೆ ಹತ್ತೋದೇ, ಬೇಸ್‌ಮೆಂಟಲ್ಲಿ ಗಾಳಿ ಆಡೋ ಹಾಗಿರಲಿ, ಹತ್ರ ಯಾರೂ ಬೀಡಿ ಸಿಗರೇಟು ಹಚ್ಚದ ಹಾಗೆ ನೋಡ್ಕೊಳ್ಳಿ, ಗಾಳಿನೇ ಇಲ್ಲ ಅಂದ್ರೆ ಟರ್ಪೆಂಟೈನ್ ಬಿಟ್ಟು ಸೋಡಾ ಪೇಸ್ಟನ್ನೇ ಮತ್ತೆ ಮತ್ತೆ ಹಚ್ಚಿ.

ನೆಲ ಒದ್ದೆ ಇರುವಾಗ ಎಲ್ಲಾ ಒಂದೇ ಬಣ್ಣ ಕಾಣುತ್ತೆ, ಹೋಯ್ತು ಅಂತ ಓನರನ್ನ ಕರೀಬೇಡಿ. ಪೂರ್ತಿ ಒಣಗಿ ಎರಡು ದಿನ ಆದ್ಮೇಲೆ ನೋಡಿ, ಒಳಗೆ ಉಳಿದ ಆಯಿಲ್ ಮೇಲೆ ಬಂದಿದ್ರೆ ಚಾಕ್ ಪುಡಿ ಇನ್ನೊಂದು ಸಲ ಹಾಕ್ಬೇಕಾಗುತ್ತೆ, ಅದಕ್ಕೇ ಮನೆ ಬಿಡೋಕೆ ಒಂದೆರಡು ವಾರ ಇರುವಾಗಲೇ ಶುರು ಮಾಡಿ.