ಎಳೆಯುವ ಮಾಡೆಲ್ ಮೂಗು ತಗ್ಗಿಸುತ್ತಿದ್ದರೆ

ರಿಮೋಟ್ ಮಾಡೆಲ್ ವಿಮಾನದಿಂದ ಗ್ಲೈಡರನ್ನು (ಮೋಟರಿಲ್ಲದ ಮಾಡೆಲ್) ಹಗ್ಗ ಕಟ್ಟಿ ಎಳೆಯುವಾಗ, ಗ್ಲೈಡರ್ ಮೇಲೇರಿದ ಕೂಡಲೇ ಎಳೆಯುವ ಮಾಡೆಲ್ ಮೂಗು ತಗ್ಗಿಸುತ್ತದೆ, ಹೊಸದು ಕೊಳ್ಳಬೇಕಾ ಅಂದಿರಲ್ಲ, ಅದು ಮೋಟರಿನ ದೋಷ ಅಲ್ಲ ಅನ್ನಿಸುತ್ತದೆ. ಹಗ್ಗ ಬಾಲಕ್ಕೆ ಕಟ್ಟಿದ್ದೀರಿ. ಗ್ಲೈಡರ್ ಜಾಸ್ತಿ ಮೇಲೆ ಹೋದರೆ ಬಾಲವನ್ನೇ ಎತ್ತಿಬಿಡುತ್ತದೆ. ಆಗ ಎಲಿವೇಟರ್ (ಮೂಗು ಏರಿಸಿ ಇಳಿಸುವ ಬಾಲದ ಪಟ್ಟಿ) ಎಷ್ಟು ಕೊಟ್ಟರೂ ಸಾಲದು.

ಮೊದಲು ಎಳೆಯುವ ಮಾಡೆಲ್‌ನಲ್ಲಿ ಹಗ್ಗದ ಕೊಕ್ಕೆಯನ್ನು ರೆಕ್ಕೆಯ ಹಿಂದಂಚಿನ ಹತ್ತಿರ, ಬೆನ್ನ ಮೇಲೆ ಕೂರಿಸಿ. ಸರ್ವೋ (ರಿಮೋಟಿನಿಂದ ಕೊಕ್ಕೆ ಬಿಚ್ಚುವ ಪುಟ್ಟ ಮೋಟರ್) ಹಾಕಿ, ವಿಮಾನ, ಗ್ಲೈಡರ್ ಎರಡೂ ಕಡೆಯಿಂದ ಹಗ್ಗ ಬಿಡಿಸಲು ಆಗಲೇಬೇಕು. ಇದರಲ್ಲಿ ರಾಜಿ ಬೇಡ. ಆಮೇಲೆ 20–25 ಮೀಟರ್ ನೈಲಾನ್ ಹಗ್ಗ. ಗ್ಲೈಡರ್ ಹಾರಿಸುವವರು ಎಲಿವೇಟರನ್ನು ಸ್ವಲ್ಪ ಕೆಳಕ್ಕೆ ಟ್ರಿಮ್ ಮಾಡಿ (ಅಂದರೆ ಅಲ್ಲೇ ನಿಲ್ಲುವಂತೆ ಹೊಂದಿಸಿ), ಮುಂದಿನ ವಿಮಾನಕ್ಕಿಂತ ತುಸು ಮೇಲಷ್ಟೇ ಇರಬೇಕು.

ಹೊಸದು ಕೊಳ್ಳಬೇಕಾ ಅನ್ನೋದು ನಿಮ್ಮ ಮಾಡೆಲ್ ನೋಡದೆ ಹೇಳುವುದು ಕಷ್ಟ. ನಿಮ್ಮ ಕೋಲಾರ 800 ಮೀಟರಿಗಿಂತ ಎತ್ತರದಲ್ಲಿದೆ; ಏಪ್ರಿಲ್ ಮಧ್ಯಾಹ್ನ ಗಾಳಿ ಇನ್ನೂ ತೆಳು, ಎಳೆತ ಕಡಿಮೆ. ಕೆರೆ ಅಂಗಳದಲ್ಲಿ ಬೆಳಗ್ಗೆಯೇ ಎಳೆದು ನೋಡಿ. ಆಗಲೂ ಏರದಿದ್ದರೆ ಉದ್ದ ರೆಕ್ಕೆಯ, ನಿಧಾನ ಹಾರುವ ಮಾಡೆಲ್ ತಗೊಳ್ಳಿ. ಸ್ಪೀಡ್ ಮಾಡೆಲ್ ಸುಮ್ನೆ ದಂಡ.